ದೋಣಿ ಪಕ್ಷ, ಸೇತುವೆ ಪಕ್ಷ

ನಮ್ಮ ಲಾಯಿಲದ ಸಂಕಪ್ಪ ಶೆಟ್ರು ತಾಳಮದ್ದಳೆಯಲ್ಲಿ ಒಮ್ಮೆಯೂ ಗೆದ್ದವರಲ್ಲ. ಇದನ್ನು ನಾನು ಚಾಡಿಯಾಗಿ ಹೇಳುತ್ತಿಲ್ಲ, ಬೆಳ್ತಂಗಡಿ ತಾಲೂಕಿಗೆಲ್ಲ ಗೊತ್ತಿರುವ ಸಂಗತಿ. ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಒಂದು ಪದ ಹಾಡುತ್ತಾರೆ, ಎದುರುಬದುರು ಕೂತ ಇಬ್ಬರು ಅರ್ಥಧಾರಿಗಳು ಆ ಪಾತ್ರಗಳೇ ತಾವಾಗಿ ವಾದಕ್ಕೆ ಇಳಿಯುತ್ತಾರೆ. ಯಾರು ಗೆಲ್ಲಬೇಕು, ಯಾರು ಸಾಯಬೇಕು ಎನ್ನುವುದು ಪ್ರಸಂಗದಲ್ಲಿ ಮೊದಲೇ ನಿಗದಿ. ಆದರೂ ಸಾಯಬೇಕಾದವನು ಮಾತಿನಲ್ಲಿ ಗೆದ್ದು ಸಾಯಬಹುದು, ಅದಕ್ಕೇ ಜನ ಬರುವುದು. ನಮ್ಮ ಶೆಟ್ರು ಇದಕ್ಕೆ ಉಲ್ಟಾ. ಗೆಲ್ಲುವ ಪಾತ್ರ ಕೊಟ್ಟರೂ ಮಾತಿನಲ್ಲಿ ಸೋತು, ಕಥೆಯ ದಯೆಯಿಂದ ಮಾತ್ರ ಗೆದ್ದು ಮನೆಗೆ ಬಂದವರು.

ಗಂಟಲಿಗೇನೂ ಕೊರತೆಯಿಲ್ಲ. ಬೆಳ್ತಂಗಡಿ ಬಸ್ ಸ್ಟ್ಯಾಂಡಿನಲ್ಲಿ ಮೂವತ್ತು ವರ್ಷ ಏಜೆಂಟರಾಗಿ “ವೇಣೂರು, ಮೂಡಬಿದ್ರೆ, ಮೂಡಬಿದ್ರೆ” ಎಂದು ಕೂಗಿ ನಿವೃತ್ತರಾದವರು. ಕೊರತೆ ಇದ್ದದ್ದು ಉತ್ತರದ್ದು. ಎದುರಾಳಿ ಕೇಳಿದ ಪ್ರಶ್ನೆಗೆ ಇವರಿಗೆ ಒಳ್ಳೆಯ ಉತ್ತರ ಹೊಳೆಯುವುದು ಮರುದಿನ ಬೆಳಿಗ್ಗೆ ಹಲ್ಲುಜ್ಜುವಾಗ. ಬಸ್ ಸ್ಟ್ಯಾಂಡಿನ ಎದುರು ಟೈಲರ್ ಅಂಗಡಿ ಇಟ್ಟಿರುವ ನಾನು, ಧರ್ಣಪ್ಪ, ಸಂಜೆಯ ಹೊತ್ತು ಮದ್ದಳೆ ಬಾರಿಸುವವ. ಆ ತಡವಾದ ಉತ್ತರಗಳನ್ನೆಲ್ಲ ಶೆಟ್ರು ಬೆಳಿಗ್ಗೆ ಎಂಟು ಗಂಟೆಗೆ ನನ್ನ ಅಂಗಡಿಗೆ ಬಂದು ಒಪ್ಪಿಸುತ್ತಿದ್ದರು. ನಾನು ಕೇಳಿ ಕೇಳಿ ಎಷ್ಟು ಬ್ಲೌಸ್ ಹಾಳು ಮಾಡಿದ್ದೇನೆ ಎಂದು ಲೆಕ್ಕ ಇಟ್ಟಿಲ್ಲ.

ಕಳೆದ ಫೆಬ್ರವರಿಯ ಒಂದು ಭಾನುವಾರ ಶೆಟ್ರು ನನ್ನನ್ನೂ ಕರೆದುಕೊಂಡು ತಂಗಿ ಸರಸಕ್ಕನ ಮನೆಗೆ ಊಟಕ್ಕೆ ಹೋದರು. ಕೋಳಿ ಸುಕ್ಕ ಇತ್ತು, ನೀರುದೋಸೆ ಇತ್ತು. ಆದರೆ ಸರಸಕ್ಕನ ಮಗಳು ಸಾತ್ವಿಕಾ ಬಟ್ಟಲಿನ ಎದುರು ಕೂತು ಅಳುವ ಮುಖ ಮಾಡಿದ್ದಳು.

ಸಾತ್ವಿಕಾ ಮೆಲ್ಕಾರಿನ ಒಂದು ಖಾಸಗಿ ಕಾಲೇಜಿನಲ್ಲಿ ಕನ್ನಡದ ಅತಿಥಿ ಉಪನ್ಯಾಸಕಿ. ಅತಿಥಿ ಎಂದರೆ ಎರಡು ದಿನ ಇದ್ದು ಹೋಗುವವರು ಎಂದು ನಾನು ತಿಳಿದಿದ್ದೆ, ಇವಳು ಆರು ವರ್ಷದಿಂದ ಅತಿಥಿ. ಆ ಗುರುವಾರ ಕಾಲೇಜಿಗೆ ತಪಾಸಣಾ ಸಮಿತಿ ಬರುವುದಿತ್ತು. ಸಮಿತಿಗೆ ತೋರಿಸುವ ನಲವತ್ತೇಳು ಫೈಲು ಸಿದ್ಧ ಮಾಡಿದ್ದು ಇವಳೇ. ಸಮಿತಿ ಒಳ್ಳೆಯ ದರ್ಜೆ ಕೊಟ್ಟರೆ ಕನ್ನಡಕ್ಕೆ ಒಂದು ಖಾಯಂ ಹುದ್ದೆ ಆಗುತ್ತದೆ. ಅದು ತನಗೆ ಸಿಗುತ್ತದಾ ಎಂದು ಕೇಳಿದಾಗೆಲ್ಲ ಕಾಲೇಜಿನ ಸಂಚಾಲಕರು ಕೊಡುತ್ತಿದ್ದ ಉತ್ತರ ಒಂದೇ: “ಮೊದಲು ಸಮಿತಿ ಬಂದು ಹೋಗಲಿ, ಮತ್ತೆ ನೋಡುವ.” ನಮ್ಮ ಊರಿನಲ್ಲಿ “ಮತ್ತೆ ನೋಡುವ” ಎಂದರೆ ಏನೆಂದು ಹುಟ್ಟಿದ ಮಗುವಿಗೂ ಗೊತ್ತು.

ಇಷ್ಟರ ಮೇಲೆ ಈಗ ಇನ್ನೊಂದು. ಸಮಿತಿ ಬರುವ ದಿನವೇ ಒಂದು ಕಾರ್ಯಾಗಾರ ಇಟ್ಟಿದ್ದರು: ಹಳೆಯ ಸಣ್ಣಕಥೆಯೊಂದರ ವಿಶ್ಲೇಷಣೆ. ಮೂಡಬಿದ್ರೆಯಿಂದ ಬರಬೇಕಾಗಿದ್ದ ಪ್ರೊಫೆಸರು ಬಚ್ಚಲಲ್ಲಿ ಜಾರಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದರು.

“ಬ್ಯಾನರ್ ಕೂಡ ಆಗಿದೆ ಮಾವ. ನಿಮಗೆ ಗೊತ್ತಿರುವವರು, ಕಥೆಯ ಬಗ್ಗೆ ಮಾತಾಡುವವರು ಯಾರಾದರೂ ಇದ್ದಾರಾ?”

ಶೆಟ್ರು ಕೋಳಿಯ ಕಾಲನ್ನು ಬಟ್ಟಲಲ್ಲಿ ಇಟ್ಟರು. ಅವರು ಕೋಳಿಯ ಕಾಲನ್ನು ಅರ್ಧಕ್ಕೆ ಇಟ್ಟದ್ದು ನಾನು ಅದೇ ಮೊದಲು ನೋಡಿದ್ದು.

“ಯಾರಾದರೂ ಯಾಕೆ? ನಾನಿಲ್ವಾ?”

“ಮಾವ, ಇದು ತಾಳಮದ್ದಳೆ ಅಲ್ಲ. ಕಥೆಯಲ್ಲಿ ಕಥಾವಸ್ತು, ಸಂಘರ್ಷ, ವ್ಯಂಗ್ಯ, ಆಶಯ ನಾಲ್ಕೂ ಹೇಗೆ ಬಂದಿದೆ ಅಂತ ಹೇಳ್ಬೇಕು.”

“ಅದನ್ನೇ ಅಲ್ವಾ ನಾವು ಮೂವತ್ತು ವರ್ಷದಿಂದ ಮಾಡುವುದು? ಕಥಾವಸ್ತು ಅಂದ್ರೆ ಪ್ರಸಂಗ. ಸಂಘರ್ಷ ಅಂದ್ರೆ ಎದುರುಬದುರು ವಾದ. ವ್ಯಂಗ್ಯ ಅಂದ್ರೆ ಎದುರಿನವನಿಗೆ ಚುಚ್ಚುವುದು. ಆಶಯ ಅಂದ್ರೆ ಕೊನೆಗೆ ಮಂಗಳ ಹಾಡುವಾಗ ಜನ ಎಂತ ಮಾತಾಡಿಕೊಂಡು ಎದ್ದು ಹೋಗ್ತಾರೆ, ಅದು. ನೀನು ಉಣ್ಣು ಮಗಾ.”

ಸಾತ್ವಿಕಾ ಒಂದು ಗಳಿಗೆ ಯೋಚಿಸಿದಳು. ಈ ವಿವರಣೆಯಲ್ಲಿ ತಪ್ಪು ಹುಡುಕುವುದು ಅವಳಿಗೂ ಕಷ್ಟವಾಯಿತು ಎಂದು ಕಾಣುತ್ತದೆ. ಬೇರೆ ದಾರಿಯೂ ಇರಲಿಲ್ಲ. ಕಥೆಯ ಪುಟಗಳ ಫೋಟೋವನ್ನು ಮಾವನ ವಾಟ್ಸಾಪಿಗೆ ಕಳುಹಿಸಿದಳು. ಅಲ್ಲಿಗೆ ತಪ್ಪು ಬೇರೂರಿತು.

ಕಥೆ ಇಷ್ಟೇ. ಭೋಜ ಎಂಬವನು ಹೊಳೆಯ ಕಡವಿನಲ್ಲಿ ದೋಣಿ ನಡೆಸುವವ. ಊರಿನ ಪಟೇಲರು ಸೇತುವೆ ಕಟ್ಟಿಸಲು ಹೊರಡುತ್ತಾರೆ. ಸೇತುವೆಯ ಕಂಬಕ್ಕೆ ಬೇಕಾದ ಕಲ್ಲನ್ನು ನಡುಹೊಳೆಗೆ ಸಾಗಿಸುವುದು ಯಾರು? ದೋಣಿ ಇರುವುದು ಭೋಜನ ಹತ್ತಿರ. ಸೇತುವೆ ಆದ ಮೇಲೆ ನಿನಗೂ ಒಂದು ದಾರಿ ಮಾಡುವ ಎಂಬ ಪಟೇಲರ ಮಾತು ನಂಬಿ ಎರಡು ವರ್ಷ ಅವನೇ ಕಲ್ಲು ಹೊರುತ್ತಾನೆ. ಸೇತುವೆ ಉದ್ಘಾಟನೆಯ ದಿನ ದೋಣಿಗೆ ಕೆಲಸ ಇಲ್ಲ, ಭೋಜ ಸುಂಕ ಕೊಟ್ಟು ಆ ಸೇತುವೆಯ ಮೇಲೆ ನಡೆದು ಮನೆಗೆ ಹೋಗುತ್ತಾನೆ. ನಾಲ್ಕು ಪುಟ. ಓದಿದರೆ ಎದೆ ಭಾರವಾಗುತ್ತದೆ, ನನಗೂ ಆಯಿತು.

ಶೆಟ್ರಿಗೆ ಎದೆ ಭಾರವಾಗಲಿಲ್ಲ, ಕಣ್ಣು ಹೊಳೆಯಿತು. “ಧರ್ಣಪ್ಪಾ, ಈ ಪಟೇಲನ ಪಾತ್ರ ನೋಡು ಮಾರಾಯ. ಪಾಪ, ಅವನ ಪರವಾಗಿ ನೂರು ವರ್ಷದಿಂದ ಯಾರೂ ಮಾತಾಡಲಿಲ್ಲ. ಇದಕ್ಕೆ ನಾನೇ ಸರಿ.”

ಆದರೆ ಒಬ್ಬನೇ ಕೂತು ಸಂಘರ್ಷ ಮಾಡುವುದು ಹೇಗೆ? ಎದುರಾಳಿ ಬೇಕು. ಶೆಟ್ರು ಸೀದಾ ವೇಣೂರಿನ ಸುಕುಮಾರ ಜೈನರಿಗೆ ಕಥೆಯ ಫೋಟೋ ಕಳುಹಿಸಿ, ಮರುದಿನ ಫೋನು ಮಾಡಿದರು. ಜೈನರಿಗೆ ಬಟ್ಟೆಯಂಗಡಿ. ಮಾತಿನಲ್ಲಿ ಶೆಟ್ರನ್ನು ಹದಿನೇಳು ಸಲ ಸೋಲಿಸಿದವರು. ಫೋನಿನಲ್ಲಿ ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳಿತು.

“ಕಥೆ ಓದಿದೆ ಶೆಟ್ರೇ. ಸಣ್ಣದು, ಎರಡೇ ಪುಟ.”

“ಸಣ್ಣಕಥೆ ಅಲ್ವಾ ಜೈನ್ರೇ.”

“ದೋಣಿಯವನ ಪಾತ್ರ ನನಗೆ. ಪಟೇಲನನ್ನು ಹೊಳೆಗೆ ಇಳಿಸ್ತೇನೆ, ಬೇಜಾರು ಮಾಡ್ಬಾರ್ದು.”

ಬುಧವಾರದ ಹೊತ್ತಿಗೆ ಸುದ್ದಿ ಬಸ್ಸುಗಳ ಜೊತೆ ಓಡಾಡಿತು. ಲಾಯಿಲದ ಹೋಟೆಲಿನಲ್ಲಿ ಸೇತುವೆ ಪಕ್ಷ, ವೇಣೂರಿನ ಪೇಟೆಯಲ್ಲಿ ದೋಣಿ ಪಕ್ಷ. ರಿಕ್ಷಾದವರೆಲ್ಲ ಸೇತುವೆ ಪಕ್ಷಕ್ಕೆ ಸೇರಿದರು, ಅದು ಸಹಜ. ವೇಣೂರಿನ ಮೀನಿನ ಗಾಡಿಯವನೊಬ್ಬ ದೋಣಿ ಪಕ್ಷದಲ್ಲಿದ್ದುಕೊಂಡು ದಿನಾ ಸೇತುವೆಯ ಮೇಲೆಯೇ ಬರುತ್ತಾನೆ ಎಂದು ಹೋಟೆಲಿನಲ್ಲಿ ದೊಡ್ಡ ಚರ್ಚೆಯಾಯಿತು. ಕಥೆಯನ್ನು ಓದಿದವರು ಮೂರೂವರೆ ಜನ. ಅಭಿಪ್ರಾಯ ಇದ್ದವರು ಮುನ್ನೂರು.

ಗುರುವಾರ ಬೆಳಿಗ್ಗೆ ಹತ್ತಕ್ಕೆ ನಾವು ಮೆಲ್ಕಾರಿನ ಕಾಲೇಜಿನ ಎದುರು ಇಳಿದೆವು. ಶೆಟ್ರು ಬಿಳಿ ಜುಬ್ಬ, ಜರಿಯಂಚಿನ ಶಾಲು, ತಲೆಗೆ ಕೆಂಪು ಮುಂಡಾಸು. ಹಿಂದೆ ಮದ್ದಳೆ ಹೊತ್ತ ನಾನು, ತಾಳ ಹಿಡಿದ ಭಾಗವತ ಶೇಷಪ್ಪ, ಅವನ ಹಿಂದೆ ಲಾಯಿಲದ ರಿಕ್ಷಾದವರು. ಆಚೆಯಿಂದ ಜೈನರು ಬಂದರು, ಅವರ ಹಿಂದೆ ಎರಡು ವ್ಯಾನು ಜನ.

ಪ್ರಾಂಶುಪಾಲೆ ಪ್ರಭಾವತಿ ಮೇಡಂ ಸಮಿತಿಗೆ ಆರತಿ ಎತ್ತಲು ತಟ್ಟೆ ಹಿಡಿದು ಮೆಟ್ಟಿಲಲ್ಲಿ ನಿಂತಿದ್ದರು. ಮುಂಡಾಸು ನೋಡಿ ಗಡಿಬಿಡಿಯಲ್ಲಿ ಶೆಟ್ರಿಗೇ ಆರತಿ ಎತ್ತಿಬಿಟ್ಟರು. ಶೆಟ್ರು ಅದನ್ನು ಗಂಭೀರವಾಗಿ ಸ್ವೀಕರಿಸಿದರು.

“ಸಾತ್ವಿಕಾ, ಇವರು ಸಮಿತಿಯವರಲ್ವಾ?”

“ಸಂಪನ್ಮೂಲ ವ್ಯಕ್ತಿಗಳು ಮೇಡಂ.” ಅವಳ ಸ್ವರ ಬಾವಿಯೊಳಗಿಂದ ಬಂದ ಹಾಗಿತ್ತು.

“ಒಬ್ಬರು ಅಂದಿದ್ರಿ?”

“ಹಿಮ್ಮೇಳ ಸಮೇತ ಬಂದಿದ್ದಾರೆ ಮೇಡಂ.”

ವಾಪಸು ಕಳುಹಿಸಲು ಸಮಯವಿರಲಿಲ್ಲ, ಅಷ್ಟರಲ್ಲಿ ಸಮಿತಿಯ ಕಾರು ಗೇಟಿನೊಳಗೆ ಬಂತು. ಮೂವರು ಸದಸ್ಯರು. ಅಧ್ಯಕ್ಷರು ಬಯಲುಸೀಮೆಯ ಕಡೆಯವರು, ದಪ್ಪ ಕನ್ನಡಕ, ಕೈಯಲ್ಲಿ ಪುಸ್ತಕ, ಕಂಡದ್ದನ್ನೆಲ್ಲ ಬರೆದುಕೊಳ್ಳುವ ಸ್ವಭಾವ. ಸಭಾಂಗಣದ ವೇದಿಕೆಯಲ್ಲಿ ಭಾಷಣದ ಮೇಜು ಇತ್ತು. ಅದನ್ನು ಶೇಷಪ್ಪ ಮತ್ತು ನಾನು ಮೂಲೆಗೆ ತಳ್ಳಿ ಜಮಖಾನ ಹಾಸಿದೆವು. ನಾನು ಮದ್ದಳೆ ಶ್ರುತಿ ಮಾಡುವುದನ್ನು ಅಧ್ಯಕ್ಷರು ಬರೆದುಕೊಂಡರು.

“ಇದು ಯಾವ ಬೋಧನಾ ಕ್ರಮ ಮೇಡಂ?”

“ಸ್ಥಳೀಯ… ಸಂವಾದಾತ್ಮಕ ಕ್ರಮ ಸರ್,” ಎಂದರು ಪ್ರಭಾವತಿ ಮೇಡಂ. ಇಪ್ಪತ್ತೈದು ವರ್ಷದ ಸೇವೆ ಸುಮ್ಮನೆ ಆಗುತ್ತದೆಯೇ.

ಮುಂದಿನ ಸಾಲಿನ ಮಧ್ಯದ ಸೋಫಾದಲ್ಲಿ ಸಂಚಾಲಕರು ಕೂತರು. ಶೇಷಪ್ಪ ತಾನೇ ಕಟ್ಟಿದ ಪದ ಎತ್ತಿದ: “ಕೇಳು ಕೇಳೆಲೊ ಭೋಜ, ಕಡವಿನ ದೋಣಿ ಸಾಕಿನ್ನು.” ನಾನು ಮದ್ದಳೆಗೆ ಕೈ ಹಾಕಿದೆ. ಹಿಂದಿನ ಬೆಂಚಿನ ಹುಡುಗರು ಮೊಬೈಲು ಕಿಸೆಗೆ ಹಾಕಿದರು. ಕನ್ನಡ ತರಗತಿಯಲ್ಲಿ ಇದು ಮೊದಲ ಸಲ ಎಂದು ಆಮೇಲೆ ತಿಳಿಯಿತು.

ಜೈನರು ಪೀಠಿಕೆಗೇ ಇಪ್ಪತ್ತು ನಿಮಿಷ ತೆಗೆದುಕೊಂಡರು. ಹೊಳೆ ಹುಟ್ಟಿದ ಗುಡ್ಡ, ಹರಿದ ದಾರಿ, ದೋಣಿಗೆ ಬಳಸಿದ ಮರ, ಆ ಮರದ ತಾಯಿಮರ, ಎಲ್ಲ ಬಂತು. ವೇಣೂರಿನ ಎರಡು ವ್ಯಾನು ಚಪ್ಪಾಳೆ ತಟ್ಟಿತು. ಶೆಟ್ರು ಕಣ್ಣು ಮುಚ್ಚಿ ಕೂತಿದ್ದರು. ಪಾಪ, ಹದಿನೆಂಟನೆಯದೂ ಹೋಯಿತು ಎಂದು ನಾನು ಅಂದುಕೊಂಡೆ. ಆಗ ಅವರು ಕಣ್ಣು ತೆರೆದರು.

“ಎಲೊ ಭೋಜ, ಕಳೆದ ಮಳೆಗಾಲದಲ್ಲಿ ಹೆರಿಗೆ ನೋವಿನ ಹೆಣ್ಣೊಬ್ಬಳು ಈ ದಡದಲ್ಲಿ ಕೂತು ಕೂಗಿದಳು. ನಿನ್ನ ದೋಣಿ ಎಲ್ಲಿತ್ತು?”

“ನೆರೆ ಬಂದಿತ್ತು ಒಡೆಯ. ದೋಣಿ ಇಳಿಸುವ ಹಾಗಿರಲಿಲ್ಲ.”

“ಸೇತುವೆಗೆ ನೆರೆ ಉಂಟೋ?”

ಹುಡುಗರು ಶಿಳ್ಳೆ ಹಾಕಿದರು. ಜೈನರು ಒಂದು ಕ್ಷಣ ತಡವರಿಸಿದರು. ಅವರು ಶೆಟ್ರ ಎದುರು ತಡವರಿಸಿದ್ದು ಯಾರೂ ನೋಡಿರಲಿಲ್ಲ. ನನ್ನ ಕೈ ತನ್ನಷ್ಟಕ್ಕೇ ಮದ್ದಳೆಯ ಮೇಲೆ ಒಂದು ಏಟು ಹಾಕಿತು. ಅವಮಾನ ತಡೆಯದೆ ಜೈನರು ಸ್ವರ ಏರಿಸಿದರು.

“ಹಾಗಾದರೆ ಕೇಳಿ ಪಟೇಲರೇ. ಹರಿಯುವ ಹೊಳೆಯ ಎದೆಗೆ ಕಲ್ಲು ಹಾಕುವುದು ಪಾಪ. ಆ ಸೇತುವೆಗೆ ಒಂದೇ ಒಂದು ಕಲ್ಲು ಹೊತ್ತವನಿದ್ದರೆ ಅವನು ಊರಿಗೆ ದ್ರೋಹಿ, ಉಂಡ ಅನ್ನಕ್ಕೆ ದ್ರೋಹಿ. ಅವನನ್ನು ತೋರಿಸಿ. ಈ ಸಭೆಯಲ್ಲೇ ಅವನ ಮುಖಕ್ಕೆ ಉಗಿಯುತ್ತೇನೆ.”

ಕಥೆ ಪೂರ್ತಿ ಓದಿದ ಮೂರು ಜನರ ಉಸಿರು ನಿಂತಿತು. ಶೆಟ್ರು ಅವಸರ ಮಾಡಲಿಲ್ಲ. ಶಾಲು ಸರಿಪಡಿಸಿಕೊಂಡರು.

“ಉಗಿ ಭೋಜ, ಧಾರಾಳ ಉಗಿ. ಆದರೆ ಅದಕ್ಕೆ ನಿನಗೊಂದು ಕನ್ನಡಿ ಬೇಕಲ್ಲ.”

ಜೈನರು ಶೇಷಪ್ಪನ ಕಡೆಗೆ ಬಾಗಿದರು. “ಎಂತ ಹೇಳ್ತಾರೆ ಇವರು?”

“ಕಲ್ಲು ಹೊತ್ತದ್ದು ನೀವೇ ಜೈನ್ರೇ. ಮೂರನೇ ಪುಟ.”

“ಮೂರನೇ ಪುಟ ಉಂಟಾ?”

ಪಿಸುಮಾತೇ, ಆದರೆ ಮೈಕು ಆನ್ ಇತ್ತು. ಜೈನರ ಮೊಬೈಲಿನಲ್ಲಿ ಶುಭೋದಯದ ಹೂವಿನ ಚಿತ್ರಗಳು ತುಂಬಿ ಜಾಗ ಇಲ್ಲದೆ ಕೊನೆಯ ಎರಡು ಪುಟ ಇಳಿದೇ ಇರಲಿಲ್ಲ. ಸಭಾಂಗಣ ನಗುವಿನಲ್ಲಿ ಮುಳುಗಿತು. ಲಾಯಿಲದ ರಿಕ್ಷಾದವರು ಕುರ್ಚಿಯ ಮೇಲೆ ಹತ್ತಿ ನಿಂತರು. ಮೂವತ್ತು ವರ್ಷದ ಮೇಲೆ ಸಂಕಪ್ಪ ಶೆಟ್ರು ಗೆದ್ದಿದ್ದರು. ನಾನು ಮದ್ದಳೆ ಬಾರಿಸಿದ ರಭಸಕ್ಕೆ ಬೆರಳು ಊದಿಕೊಂಡದ್ದು ವಾರದವರೆಗೆ ಇಳಿಯಲಿಲ್ಲ.

ನಗದೆ ಇದ್ದವರು ಸಮಿತಿಯ ಅಧ್ಯಕ್ಷರು. ಅವರು ಒಂದು ಕೈಯಲ್ಲಿ ಫೈಲು, ಇನ್ನೊಂದರಲ್ಲಿ ಮೈಕು ಹಿಡಿದು ಎದ್ದು ನಿಂತರು.

“ಒಂದ್ ನಿಮಿಷ ರೀ. ಹಾಗಾದ್ರೆ ಈ ಕಥೆಯ ಆಶಯ ಏನು? ದೋಣಿಯವನೇ ದ್ರೋಹಿ ಅಂತಾನಾ? ಈ ಫೈಲಲ್ಲಿ ‘ದುಡಿದವನ ನೋವು’ ಅಂತ ಬರೆದಿದೆ. ಮಕ್ಕಳಿಗೆ ಒಂದು ಬರೆಸಿ, ವೇದಿಕೇಲಿ ಇನ್ನೊಂದು ಹೇಳಿಸ್ತೀರಾ? ಕನ್ನಡ ಯಾರು ಪಾಠ ಮಾಡೋದು ಇಲ್ಲಿ?”

ನಗು ಒಮ್ಮೆಗೇ ನಿಂತಿತು. ಬಾಗಿಲ ಬಳಿ ನಿಂತಿದ್ದ ಸಾತ್ವಿಕಾ ಕೈ ಎತ್ತಿದಳು. ಸಂಚಾಲಕರು ಅರ್ಧ ಎದ್ದು ಅಧ್ಯಕ್ಷರಿಗೆ ಸಮಾಧಾನ ಹೇಳಿದರು.

“ಅವರು ಬರೀ ಅತಿಥಿ ಉಪನ್ಯಾಸಕಿ ಸರ್. ನೀವು ಮನಸ್ಸಿಗೆ ತಗೊಳ್ಬೇಡಿ. ಜೂನಿಗೆ ಖಾಯಂ ಆಗಿ ಬೇರೆಯವರನ್ನು ನೋಡಿ ಇಟ್ಟಿದ್ದೇವೆ.”

ಈ ಮಾತೂ ಮೈಕಿನಲ್ಲಿ ಬಂತು. ಹಾಳು ಮೈಕು ಆ ದಿನ ಯಾರನ್ನೂ ಬಿಡಲಿಲ್ಲ.

ಶೆಟ್ರ ಮುಖ ನೋಡಲಾಗಲಿಲ್ಲ. ಗೆದ್ದ ಗೆಲುವು ತಂಗಿಯ ಮಗಳ ಅನ್ನಕ್ಕೆ ಕಲ್ಲು ಹಾಕಿತು ಎಂದು ಅವರಿಗೆ ಆಗ ಹೊಳೆಯಿತು. ಮುಂಡಾಸು ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಅಷ್ಟರಲ್ಲಿ ಸಾತ್ವಿಕಾ ಸೀರೆಯ ಸೆರಗು ಸಿಕ್ಕಿಸಿಕೊಂಡು ಸರಸರ ವೇದಿಕೆ ಹತ್ತಿ ಬಂದಳು.

“ಜೈನ್ ಮಾವ, ಸ್ವಲ್ಪ ಆಚೆ ಕೂತ್ಕೊಳ್ಳಿ. ಭೋಜನ ಮಾತು ಮುಗಿದಿಲ್ಲ.”

ಜೈನರು ಎರಡು ಮಾತಿಲ್ಲದೆ ಸರಿದರು. ಅವಳು ಜಮಖಾನದಲ್ಲಿ ಮಾವನ ಎದುರು ಕಾಲು ಮಡಚಿ ಕೂತಳು. ಶೇಷಪ್ಪ ಏನು ಹಾಡುವುದೆಂದು ತಿಳಿಯದೆ ಮೊದಲ ಪದವನ್ನೇ ಮತ್ತೆ ಹಾಡಿದ.

“ಹೌದು ಒಡೆಯ,” ಎಂದಳು. “ಕಲ್ಲು ಹೊತ್ತವ ನಾನೇ. ಕನ್ನಡಿ ಬೇಡ, ಕೈ ನೋಡಿದರೆ ಗೊತ್ತಾಗುತ್ತದೆ. ಯಾಕೆ ಹೊತ್ತೆ ಅಂತ ನೀವು ಕೇಳಲಿಲ್ಲ. ಸೇತುವೆ ಆಗಲಿ, ಮತ್ತೆ ನೋಡುವ ಅಂದಿರಿ. ನಿಮ್ಮ ಮಾತು ನಂಬಿ ಒಂದೊಂದೇ ಕಲ್ಲು ಇಟ್ಟೆ. ಸೇತುವೆ ಬೇಡ ಅಂತ ನಾನು ಯಾವತ್ತೂ ಹೇಳಿದವನಲ್ಲ. ಹೆರಿಗೆಯ ಹೆಂಗಸು ದಾಟಲಿ, ಶಾಲೆಯ ಮಕ್ಕಳು ದಾಟಲಿ, ನನಗೂ ಸಂತೋಷವೇ. ಆದರೆ ಇಷ್ಟುದ್ದದ ಸೇತುವೆಯಲ್ಲಿ, ಅದನ್ನು ಹೊತ್ತವನಿಗೆ ನಿಲ್ಲುವಷ್ಟು ಒಂದು ಜಾಗ ಇರಲಿಲ್ಲವಾ ಒಡೆಯ?”

ಅವಳು ಅಧ್ಯಕ್ಷರ ಕಡೆ ತಿರುಗಿದಳು.

“ಸರ್, ಭೋಜನಿಗೂ ಪಟೇಲರಿಗೂ ಜಗಳ, ಅದು ಸಂಘರ್ಷ. ತನ್ನ ಕೆಲಸ ತೆಗೆಯುವ ಕಂಬಕ್ಕೆ ತಾನೇ ಕಲ್ಲು ಹೊತ್ತ, ಅದು ವ್ಯಂಗ್ಯ. ಕಲ್ಲು ಹೊತ್ತದ್ದು ತಪ್ಪು ಅಂತ ಕಥೆ ಎಲ್ಲಿಯೂ ಹೇಳುವುದಿಲ್ಲ. ಮಾತು ಕೊಟ್ಟವರು ಮರೆತರು ಅಂತ ಮಾತ್ರ ಹೇಳ್ತದೆ. ಆಶಯ ಅದೇ ಸರ್. ಫೈಲಿನಲ್ಲಿ ಬರೆದದ್ದು ಸರಿ ಉಂಟು. ಆ ನಲವತ್ತೇಳು ಫೈಲೂ ನಾನೇ ಬರೆದದ್ದು.”

ಅಧ್ಯಕ್ಷರು ಬರೆಯುವುದನ್ನು ಬಿಟ್ಟು ಸಂಚಾಲಕರನ್ನು ನೋಡಿದರು. ಸಭೆಯೂ ನೋಡಿತು. ನಾನು ಮಾತ್ರ ಶೆಟ್ರನ್ನು ನೋಡಿದೆ. ಪಟೇಲನ ಬಳಿ ಇದಕ್ಕೆ ಉತ್ತರ ಇತ್ತು. ಬೆಳಿಗ್ಗೆ ಬಸ್ಸಿನಲ್ಲಿ ಬಂಟ್ವಾಳ ದಾಟುವವರೆಗೂ ಅವರು ಅದನ್ನೇ ಬಾಯಿಪಾಠ ಮಾಡಿದ್ದರು: “ಹೊತ್ತ ಕಲ್ಲಿಗೆ ಕೂಲಿ ಕೊಟ್ಟಿದ್ದೇನೆ ಭೋಜ, ನಿನಗೂ ನನಗೂ ಅಲ್ಲಿಗೆ ಮುಗಿಯಿತು.” ಜೀವಮಾನದಲ್ಲಿ ಒಂದೇ ಒಂದು ಸಲ, ಉತ್ತರ ಸರಿಯಾದ ಹೊತ್ತಿಗೆ ಅವರ ನಾಲಿಗೆಯ ತುದಿಯಲ್ಲಿತ್ತು. ಅದನ್ನು ಹೇಳಿದ್ದರೆ ವಾದ ಮುಗಿದು, ಊರು ಅವರನ್ನು ಹೆಗಲ ಮೇಲೆ ಹೊರುತ್ತಿತ್ತು.

ಶೆಟ್ರು ಬಾಯಿ ತೆರೆದರು, ಮುಚ್ಚಿದರು. ಮುಂಡಾಸನ್ನು ಕೈಯಲ್ಲಿ ಹಿಡಿದು ಎದ್ದು ವೇದಿಕೆಯ ಅಂಚಿಗೆ ಬಂದು ಸಂಚಾಲಕರಿಗೆ ಕೈಮುಗಿದರು.

“ಈ ಪಟೇಲನ ಹತ್ತಿರ ಉತ್ತರ ಇಲ್ಲ. ಸೋತೆ. ಇನ್ನು ಸಭೆಯಲ್ಲಿ ಸೇತುವೆ ಕಟ್ಟಿಸಿದ ಯಜಮಾನರು ಇದ್ದಾರೆ. ಉತ್ತರ ಅವರೇ ಹೇಳಲಿ.”

ನಮ್ಮ ಕಡೆ ಒಂದು ಕ್ರಮ ಉಂಟು. ತಾಳಮದ್ದಳೆಯಲ್ಲಿ ಒಬ್ಬನಿಗೆ ಪಾತ್ರ ಕೊಟ್ಟು ಮಾತು ಕೇಳಿದರೆ ಅವನು ಉತ್ತರ ಕೊಡದೆ ಎದ್ದು ಹೋಗುವ ಹಾಗಿಲ್ಲ, ಹೋದವನ ಹೆಸರು ಮೂರು ತಲೆಮಾರಿಗೆ ಉಳಿಯುತ್ತದೆ. ಸಂಚಾಲಕರೂ ಇದೇ ಮಣ್ಣಿನವರು. ಶಾಲನ್ನು ಎಡಕ್ಕೆ ಹಾಕಿದರು, ಬಲಕ್ಕೆ ಹಾಕಿದರು. ವಿದ್ಯಾರ್ಥಿಗಳು ಮುನ್ನೂರು ಜನ, ರಿಕ್ಷಾದವರು, ವೇಣೂರಿನ ಎರಡು ವ್ಯಾನು, ಸಮಿತಿಯ ಮೂವರು, ಎಲ್ಲರ ಕಣ್ಣೂ ಅವರ ಮೇಲೆ. ಅಭ್ಯಾಸಬಲದಿಂದ ಬಾಯಿಗೆ ಬಂದದ್ದು ಅದೇ ಮಾತು.

“ನೋಡುವ.”

ಹಿಂದಿನ ಬೆಂಚಿನಿಂದ ಒಂದು ದೀರ್ಘ “ಓ” ಎದ್ದಿತು. ಶೇಷಪ್ಪ ತಾಳ ಹಾಕಿದ, ನಾನು ಮದ್ದಳೆಗೆ ಒಂದೇ ಒಂದು ಏಟು ಕೊಟ್ಟೆ. ಪ್ರಭಾವತಿ ಮೇಡಂ ನೆಲ ನೋಡುತ್ತಾ ಹೇಳಿದರು, “ಸರ್, ಆರು ವರ್ಷ ನೋಡಿ ಆಯಿತಲ್ಲ.” ಅವರಿಗೆ ಆ ಧೈರ್ಯ ಎಲ್ಲಿಂದ ಬಂತೋ.

ಸಂಚಾಲಕರು ಬೆವರು ಒರೆಸಿಕೊಂಡರು. “ಸರಿ, ನೋಡಿ ಆಯಿತು. ಸೇತುವೆಗೆ ಒಬ್ಬರು ಕಾವಲು ಬೇಕೇ ಬೇಕು. ಜೂನಿನಿಂದ ಭೋಜನೇ ಇರಲಿ, ಖಾಯಂ ಆಗಿ.”

“ಇದನ್ನ ಬರ್ಕೊಳ್ಲಾ?” ಎಂದು ಅಧ್ಯಕ್ಷರು ಪೆನ್ನು ಎತ್ತಿದರು.

“ಬರೀರಿ ಸರ್,” ಎಂದರು ಸಂಚಾಲಕರು. ಬೇರೆ ಏನು ಹೇಳಲಿಕ್ಕೆ ಆಗುತ್ತದೆ? ಅಧ್ಯಕ್ಷರು ಬರೆದು, ಅಡಿಗೆರೆ ಎಳೆದು, ಪುಸ್ತಕವನ್ನು ಸಂಚಾಲಕರ ಮುಂದೆ ಹಿಡಿದು ಸಹಿ ಮಾಡಿಸಿಕೊಂಡರು. ಶೇಷಪ್ಪ ಮಂಗಳ ಹಾಡಿದ. ಸಾತ್ವಿಕಾ ಜಮಖಾನದಿಂದ ಏಳಲೇ ಇಲ್ಲ, ಕೂತಲ್ಲೇ ಅತ್ತಳು. ನನಗೂ ಕಣ್ಣು ಮಂಜಾಯಿತು, ಅದನ್ನು ಮುಚ್ಚಿಡುವ ಕಾರಣವಿಲ್ಲ.

ಸಂಜೆ ನಾವು ಬಿ.ಸಿ. ರೋಡಿನಲ್ಲಿ ಬಸ್ಸು ಹತ್ತುವ ಮೊದಲೇ ವೇಣೂರಿನವರ ವಾಟ್ಸಾಪ್ ಗುಂಪಿನಲ್ಲಿ ಫೋಟೋ ಬಂದಿತ್ತು. ಜೈನರು ನಡುವೆ ನಿಂತು ಕೈ ಎತ್ತಿದ್ದರು. ಮೇಲೆ ದೊಡ್ಡ ಅಕ್ಷರದಲ್ಲಿ: “ಮೆಲ್ಕಾರಿನಲ್ಲಿ ದೋಣಿ ಪಕ್ಷಕ್ಕೆ ಜಯ. ಲಾಯಿಲದ ಸಂಕಪ್ಪ ಶೆಟ್ರಿಗೆ ಹದಿನೆಂಟನೇ ಸೋಲು.”

ನನಗೆ ಮೈಯೆಲ್ಲ ಉರಿಯಿತು. ಇದನ್ನು ಶೆಟ್ರಿಗೆ ತೋರಿಸುವುದು ಬೇಡವೆಂದು ಮೊಬೈಲು ಕಿಸೆಗೆ ಹಾಕಿದೆ. ಬಂಟ್ವಾಳ ದಾಟುವ ಹೊತ್ತಿಗೆ ಅದೇ ಮೊಬೈಲು ಟಣ್ ಟಣ್ ಎಂದು ಬಡಿದುಕೊಳ್ಳತೊಡಗಿತು. ತೆಗೆದು ನೋಡಿದರೆ ಅದೇ ಫೋಟೋ ನಮ್ಮ ಲಾಯಿಲದ ಗುಂಪಿಗೆ ಬಂದಿತ್ತು, ಏಜೆಂಟರ ಗುಂಪಿಗೆ ಬಂದಿತ್ತು, ದುಬಾಯಿಯಲ್ಲಿರುವ ಶೆಟ್ರ ಭಾವಂದಿರ ಗುಂಪಿಗೂ ಹೋಗಿತ್ತು. ಕಳುಹಿಸಿದವರು ನನ್ನ ಪಕ್ಕದ ಸೀಟಿನಲ್ಲಿ ಕನ್ನಡಕ ಮೂಗಿನ ತುದಿಗೆ ಇಳಿಸಿ, ಒಂದೇ ಬೆರಳಿನಲ್ಲಿ ಇನ್ನೂ ಕಳುಹಿಸುತ್ತಲೇ ಇದ್ದರು. ಪ್ರತಿ ಫೋಟೋದ ಕೆಳಗೆ ತಾವೇ ಒಂದು ಸಾಲು ಸೇರಿಸಿದ್ದರು: “ಸೋತದ್ದು ನಿಜ. ಆದರೆ ಜೈನರಿಗಲ್ಲ, ನನ್ನ ತಂಗಿಯ ಮಗಳಿಗೆ.”